ಉಪ್ಪುಂದದ ಸಾಮೂಹಿಕ ಅಳು

ಆ ದಿನ ಉಪ್ಪುಂದದ ಕಡಲಿನಲ್ಲಿ ಮೀನು ಸಿಕ್ಕಿತು. ಲೀಲಾಧರನ ಕಷ್ಟಕ್ಕೆಲ್ಲ ಅದೇ ಮೂಲ.

ಕಡಲ ತಡಿಯ ಊರಿನಲ್ಲಿ ಮೀನು ಸಿಕ್ಕಿತೆಂದು ತಲೆ ಚಚ್ಚಿಕೊಂಡ ಮನುಷ್ಯ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಆದರೆ ಲೀಲಾಧರ ಬರೀ ಮನುಷ್ಯನಲ್ಲ, ನಿರ್ಮಾಪಕ. ಅವನ ಕಾರಿನ ಹಿಂದಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆದಿತ್ತು. ಮುಂದಿನ ಗಾಜಿನ ಮೇಲೂ ಬರೆದಿತ್ತು. ಓಡಿಸುವವನಿಗೆ ದಾರಿ ಕಾಣುವುದಿಲ್ಲವೆಂದು ಹೆದ್ದಾರಿಯಲ್ಲಿ ಪೊಲೀಸರು ಅದನ್ನು ಅವನಿಂದಲೇ ಕೆರೆಸಿದ್ದರು.

ಲೀಲಾಧರ ಹುಟ್ಟಿದ್ದು ಇದೇ ಉಪ್ಪುಂದದಲ್ಲಿ, ಬಲೆ ಎಳೆಯುವವರ ಮನೆಯಲ್ಲಿ. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಹೋಗಿ ಅಂಧೇರಿಯ ಒಂದು ಸ್ಟುಡಿಯೋದ ಕ್ಯಾಂಟೀನಿನಲ್ಲಿ ಚಾ ಹಂಚುವ ಕೆಲಸಕ್ಕೆ ಸೇರಿದ. ಅಲ್ಲಿ ಚಿತ್ರರಂಗವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದು ಸತ್ಯ ಕಂಡುಕೊಂಡ. ಸೆಟ್ಟಿನಲ್ಲಿ ಯಾರು ಏನೂ ಕೆಲಸ ಮಾಡುವುದಿಲ್ಲವೋ, ಆದರೂ ಯಾರಿಗೆ ಎಲ್ಲರಿಗಿಂತ ಮೊದಲು ಚಾ ಹೋಗಬೇಕೋ, ಅವನೇ ನಿರ್ಮಾಪಕ. ಇಷ್ಟು ಸುಲಭದ ಹುದ್ದೆ ಜಗತ್ತಿನಲ್ಲಿರುವಾಗ ಚಾ ಹಂಚುತ್ತ ಕೂರುವುದು ಮೂರ್ಖತನ ಎನ್ನಿಸಿ ಊರಿಗೆ ಬಂದ.

ಮೊದಲ ಸಿನಿಮಾಕ್ಕೆ ಹೆಂಡತಿ ಚಂದನಾಳ ಅಣ್ಣ ಜಿತೇಂದ್ರ ದುಡ್ಡು ಹಾಕಿದ, ಆದ್ದರಿಂದ ಅವನೇ ನಾಯಕ. ಕುಂದಾಪುರದಲ್ಲಿ ಅದು ಬಿಡುಗಡೆಯಾದ ವಾರ ಕರೆಂಟು ಸರಿ ಇರಲಿಲ್ಲ. ಕರೆಂಟಿಲ್ಲದೆ ಚಿತ್ರ ಸೋತಿತೆಂದು ಲೀಲಾಧರನೂ, ಕರೆಂಟಿಲ್ಲದೆ ಊರು ಬಚಾವಾಯಿತೆಂದು ಊರವರೂ ಈಗಲೂ ವಾದಿಸುತ್ತಾರೆ. ಎರಡನೆಯ ಚಿತ್ರದಲ್ಲಿ ಒಬ್ಬ ಮುದುಕ ಮೊದಲಿನಿಂದ ಕೊನೆಯವರೆಗೆ ನಡೆಯುತ್ತಾನೆ, ಅಷ್ಟೆ. ಫೀಸು ಕಟ್ಟಿದವರಿಗೆಲ್ಲ ಪ್ರಶಸ್ತಿ ಕೊಡುವ ಯಾವುದೋ ದೇಶದ ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಹೆಮ್ಮಾಡಿಯಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಮುದುಕನ ಮುಖ ಇರಲಿಲ್ಲ. ಲೀಲಾಧರನದ್ದೇ ಮೂರು ಮುಖಗಳು, ಒಂದಕ್ಕಿಂತ ಒಂದು ಬೆಳ್ಳಗೆ. ಆಮೇಲೆ ಟಿವಿಗೆ ಇಳಿದ. ಲೋಕಲ್ ಚಾನೆಲ್ಲಿನಲ್ಲಿ ಅತ್ತೆ ಸೊಸೆಯರಿಗೆ ನೀರುದೋಸೆ ಹೊಯ್ಯುವ ಸ್ಪರ್ಧೆ ಇಟ್ಟ. ಸೋತ ಅತ್ತೆಯೊಬ್ಬಳು ನಿರೂಪಕಿಗೆ ಸಟ್ಟುಗದಿಂದ ಬಾರಿಸಿದಳು. ಲೀಲಾಧರನ ಇಡೀ ಕಲಾಜೀವನದಲ್ಲಿ ಜನ ಎರಡನೆಯ ಸಲ ನೋಡಿದ್ದು ಆ ಒಂದು ತುಣುಕನ್ನು ಮಾತ್ರ.

ಜಿತೇಂದ್ರ ನಟನೆಗೆ ಕೈಮುಗಿದು ಮರವಂತೆಯ ಕಡೆ ಐಸ್ ಪ್ಲಾಂಟ್ ಹಾಕಿಕೊಂಡ. ಹೋದ ವಾರ ಮನೆಗೆ ಬಂದು ಕೂತು ತೀರ್ಪು ಕೊಟ್ಟಿದ್ದ. “ಕಾಣಿ ಭಾವ, ಇದೊಂದ್ ಸೀರಿಯಲ್ ಆಯ್ತಾ, ಸಂತೋಷ. ಆಯ್ಲಿಲ್ಯಾ, ಸೋಮವಾರದಿಂದ ಪ್ಲಾಂಟಿಗೆ ಬಪ್ಪುದ್. ಐಸ್ ಗಡ್ಡಿ ಒಡೂಕೆ ಜನ ಇಲ್ಲೆ.”

ಚಂದನಾ ಅಣ್ಣನ ಎದುರೇ ಹೌದೆಂದು ತಲೆ ಆಡಿಸಿದ್ದಳು. ಹೀಗಾಗಿ ಈ ಭಾನುವಾರ ಲೀಲಾಧರನ ಪಾಲಿಗೆ ಎರಡೇ ದಾರಿ: ಸೀರಿಯಲ್ ಅಥವಾ ಐಸ್ ಗಡ್ಡೆ.

ಸೀರಿಯಲ್ಲಿನ ಹೆಸರು ‘ಬರಿದಾದ ಬಲೆ’. ಬೆಂಗಳೂರಿನ ಒಂದು ದೊಡ್ಡ ಚಾನೆಲ್ಲಿನಲ್ಲಿ ಕತೆಗಳನ್ನು ಒಪ್ಪುವ ಬಿಡುವ ಅಧಿಕಾರವಿದ್ದ ಮೋಕ್ಷಿತಾ ಎಂಬ ಹೆಂಗಸು ಫೋನಿನಲ್ಲಿ ಹೇಳಿದ್ದಳು: “ಗ್ಲಿಸರಿನ್ ಕಣ್ಣೀರು ವೀಕ್ಷಕರಿಗೆ ಬೋರ್ ಆಗೋಗಿದೆ ಸರ್. ನಮಗೆ ರಿಯಲ್ ಜನ ಬೇಕು, ರಿಯಲ್ ಅಳು ಬೇಕು. ಖಾಲಿ ಬಲೆ ನೋಡಿ ಊರಿಗೆ ಊರೇ ಅಳ್ಬೇಕು. ಭಾನುವಾರ ಕೊಲ್ಲೂರಿಗೆ ಬರ್ತಿದೀನಿ, ಹಾಗೇ ನಿಮ್ಮ ಸೆಟ್‌ಗೂ ಬರ್ತೀನಿ. ಅಳು ನೋಡಿ ಅಲ್ಲೇ ಹೇಳ್ಬಿಡ್ತೀನಿ.”

ಇದು ಲೀಲಾಧರನಿಗೆ ಬಹಳ ಹಿಡಿಸಿತು. ರಿಯಲ್ ಜನಕ್ಕೆ ಸಂಬಳ ಇಲ್ಲ. ಖಾಲಿ ಬಲೆಗೆ ಖರ್ಚೇ ಇಲ್ಲ. ದೀಪಾವಳಿಯಿಂದ ಈಚೆ ಉಪ್ಪುಂದದ ತಡಿಯಲ್ಲಿ ಬಿಟ್ಟ ಬಲೆಗೆ ಲೋಳೆಮೀನು ಮತ್ತು ಗುಟ್ಕಾ ಚೀಟಿ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ನಿರ್ದೇಶಕ ರವಿರಾಜನಿಗೂ ಹಿಡಿಸಿತು. ಅವನು ಬ್ರಹ್ಮಾವರದ ಕಡೆಯ ದೇವಸ್ಥಾನದ ಮನೆತನದ ಹುಡುಗ, ಹುಟ್ಟಿದ ಮೇಲೆ ಮೀನು ತಿಂದವನಲ್ಲ, ತಡಿಗೆ ಬಂದಾಗಿನಿಂದ ಮೂಗಿಗೆ ಮುಲಾಮು ಹಚ್ಚಿದ ಕರವಸ್ತ್ರ ಹಿಡಿದೇ ಇದ್ದ. ಆದರೆ ನೈಜತೆ ಎಂದರೆ ಪ್ರಾಣ ಬಿಡುವವನು. “ನಿಜವಾದ ಬಲೆ, ನಿಜವಾದ ಕಡಲು, ನಿಜವಾದ ಸೋಲು,” ಎಂದು ಕಣ್ಣು ಮುಚ್ಚಿ ಹೇಳಿದ.

ಕೈರಂಪಣಿ ಎಂದರೆ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಜನ ದಡದಲ್ಲಿ ನಿಂತು ಎಳೆಯುತ್ತಾರೆ. ಇದಕ್ಕೊಂದು ಕಟ್ಟಳೆ ಇದೆ. ಹಗ್ಗಕ್ಕೆ ಕೈ ಹಾಕಿದವನು ಊರವನೇ ಇರಲಿ, ದಾರಿಹೋಕನೇ ಇರಲಿ, ಸಿಕ್ಕ ಮೀನಿನಲ್ಲಿ ಅವನಿಗೊಂದು ಪಾಲು. ಕೈ ಹಾಕದವನು ದೊರೆಯಾದರೂ ಪಾಲಿಲ್ಲ.

ಬಲೆಯ ಯಜಮಾನ ಪ್ರೇಮಾನಂದ ಬೆಳಿಗ್ಗೆಯೇ ದೋಣಿ ಇಳಿಸಿದ. ಕ್ಯಾಮೆರಾ ಇಟ್ಟಾಯಿತು. ಬಿಳಿ ಪ್ಯಾಂಟು, ಬಿಳಿ ಶೂ, ಕಪ್ಪು ಕನ್ನಡಕದ ಲೀಲಾಧರ ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು, ಎಲ್ಲರಿಗಿಂತ ಮೊದಲು ಚಾ ತರಿಸಿಕೊಂಡು ಕೂತ.

“ಆಕ್ಷನ್!” ಎಂದ ರವಿರಾಜ್.

ಊರವರು ಹಗ್ಗ ಎಳೆದರು. ಅರ್ಧ ಎಳೆದಾಗ ಪ್ರೇಮಾನಂದನ ಮುಖ ಬದಲಾಯಿತು. ಹಗ್ಗ ಕೈಯಲ್ಲಿ ಮಿಡಿಯುತ್ತಿತ್ತು. ಅವನು ಹಿಂದಕ್ಕೆ ತಿರುಗಿ ಬಾಯಿ ತೆರೆದ. ಮೂವತ್ತು ವರ್ಷ ಬಲೆ ಎಳೆದವನ ಗಂಟಲು ಅದು, ಶಿರೂರಿನವರೆಗೆ ಕೇಳಿರಬೇಕು.

“ಹ್ವಾಯ್! ಬಂಗ್ಡೀ! ಬನ್ನಿ ಮಾರಾಯ್ರೆ, ಕೈ ಕೊಡಿ! ಬಲಿ ಹರುತ್ತ್!”

ನೀರಿನ ಅಂಚಿನಲ್ಲಿ ಬಲೆ ಬೆಳ್ಳಿಯ ಹಾಗೆ ಕುದಿಯಿತು. ಬಂಗುಡೆ. ಬುಟ್ಟಿಗಟ್ಟಲೆ ಅಲ್ಲ, ಟೆಂಪೋಗಟ್ಟಲೆ. ಊರವರಷ್ಟೇ ಅಲ್ಲ, ಲೈಟು ಹಿಡಿದವರು ಲೈಟು ಬಿಟ್ಟು ಹಗ್ಗ ಹಿಡಿದರು. ಮೈಕು ಹಿಡಿದವನು ಮೈಕು ಹೂತು ಹಗ್ಗ ಹಿಡಿದ. ಮೇಕಪ್ಪಿನ ಅಕ್ಷಯ್, ಬೆಳಿಗ್ಗೆಯಿಂದ ಸೊಂಟನೋವೆಂದು ಮಲಗಿದ್ದವನು, ಹಾರಿ ಬಂದು ಎಲ್ಲರಿಗಿಂತ ಮುಂದೆ ನಿಂತ. ರವಿರಾಜನೇ ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಹಗ್ಗ ಹಿಡಿದು “ಎಂಥ ದೃಶ್ಯ!” ಎನ್ನುತ್ತಿದ್ದ.

ಪ್ಯಾಂಟು ಕೊಳೆಯಾಗುತ್ತದೆಂದು ದೂರ ನಿಂತವನು ಒಬ್ಬನೇ. ಅವನು ಕುರ್ಚಿ ಹತ್ತಿ ಬೊಬ್ಬೆ ಹೊಡೆಯುತ್ತಿದ್ದ. “ನಗ್ಬೇಡಿ! ಯಾರೂ ನಗ್ಬೇಡಿ! ಬಲೆ ಖಾಲಿ ಇತ್ತ್! ಬೇಜಾರ್ ಮಾಡ್ಕಣಿ!”

“ಖಾಲಿ ಎಲ್ಲಿತ್ತಾ?” ಎಂದ ಪ್ರೇಮಾನಂದ ಬೆವರು ಒರೆಸುತ್ತ. “ಆ ಕಪ್ಪ್ ಕನ್ನಡ್ಕ ತೆಗ್ದ್ ಕಾಣ್ ಮಾರಾಯಾ.”

ಪಾಲು ಹಂಚಿಯಾಯಿತು. ಎಲ್ಲರ ಕೈಯಲ್ಲೂ ಒಂದೊಂದು ತುಂಬಿದ ಪ್ಲಾಸ್ಟಿಕ್ ಚೀಲ. ಮುಖಗಳು ಮದುವೆ ಮನೆಯ ಚಪ್ಪರದಂತಿದ್ದವು. ಲೀಲಾಧರ ಮೀನು ಮಾರುವ ಬಾಗಿಯ ಬಳಿ ಹೋಗಿ ಕೈ ಮುಗಿದ. ಆ ತಡಿಯಲ್ಲಿ ಬಾಗಿ ಅತ್ತರೆ ಉಳಿದ ಹೆಂಗಸರೂ ಅಳುತ್ತಾರೆ, ಬಾಗಿ ನಕ್ಕರೆ ಗಂಡಸರೂ ಎದ್ದು ಹೋಗುತ್ತಾರೆ.

“ಬಾಗಿ ಅಕ್ಕ, ಒಂದೈದ್ ನಿಮಿಷ ಅಳಿ.”

“ಭರ್ತಿ ಬಲಿ ಮುಂದೆ ಕಣ್ಣೀರ್ ಹಾಕುದಾ?” ಬಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಕಡಲ ಗಂಗೆ ಮುನಿತ್ಲ್. ನಿನ್ನ ಹೆತ್ತ ಅಬ್ಬಿ ಇದ್ದಿದ್ರೆ ಈ ಮಾತಿಗೆ ಬಾಯಿಗ್ ಹೊಡೀತಿದ್ಲ್. ಆ ಮುಂಬಯಿಗ್ ಹೋಯಿ ನಿಂಗೆ ತಲಿ ಕೆಟ್ಟಿತ್.”

“ಹಾಂಗಾರೆ ಮೀನ್ ಬದಿಗಿಟ್ಟ್ ಅಳಿ. ಬಲಿ ಕೊಡ್ಕಿ ಖಾಲಿ ಮಾಡುವ.”

ಅದಕ್ಕೆ ಬಾಗಿ ಒಪ್ಪಿದಳು. ಬಲೆ ಕೊಡವಿ ಹಾಸಿದರು. ಊರವರು ಚೀಲ ಬೆನ್ನ ಹಿಂದೆ ಅಡಗಿಸಿ ಸಾಲಾಗಿ ನಿಂತರು. ರವಿರಾಜ್ ಪರದೆ ನೋಡಿ ತಲೆ ಅಲ್ಲಾಡಿಸಿದ. ಪ್ರತಿಯೊಬ್ಬನ ಸೊಂಟದ ಪಕ್ಕದಲ್ಲೂ ಒಂದೊಂದು ಬಾಲ ಇಣುಕುತ್ತಿತ್ತು. ಮೇಲೆ ನೋಡಿದರೆ ಬೈಂದೂರಿನ ಅಷ್ಟೂ ಕಾಗೆ, ಅಷ್ಟೂ ಹದ್ದು. “ಖಾಲಿ ಬಲೆಯ ಮೇಲೆ ಇಷ್ಟು ಕಾಗೆ ಏಕೆ ಬಂತು ಅಂತ ವೀಕ್ಷಕರು ಕೇಳ್ತಾರೆ ಸರ್.”

ಚೀಲಗಳನ್ನು ಜನರೇಟರ್ ವ್ಯಾನಿನಲ್ಲಿ ಇಟ್ಟು ಬಾಗಿಲು ಹಾಕಿದರು. ಈಗ ಊರಿಗೆ ಊರೇ ಬಲೆಗೆ ಬೆನ್ನು ಹಾಕಿ ವ್ಯಾನನ್ನೇ ನೋಡತೊಡಗಿತು. ಯಾವ ಚೀಲ ಯಾರದ್ದೆಂದು ಗುರುತು ಇಟ್ಟಿಲ್ಲವೆಂದು ಎರಡು ಜಗಳ ಹುಟ್ಟಿದವು. ಸಾಕಾಗಿ ಲೀಲಾಧರ ಗ್ಲಿಸರಿನ್ ತರಲು ಹೇಳಿದ. ಗ್ಲಿಸರಿನ್ ಬಾಟಲಿ ಅಕ್ಷಯನ ಜೇಬಿನಲ್ಲಿತ್ತು. ಅಕ್ಷಯ್ ತನ್ನ ಪಾಲು ಹಿಡಿದು ಬಸ್ಸು ಹತ್ತಿ ಊರಿಗೆ ಹೋಗಿಯಾಗಿತ್ತು. ಕೊನೆಗೆ ರವಿರಾಜನ ಕರವಸ್ತ್ರದ ಮುಲಾಮನ್ನೇ ಮುಂದಿನ ಸಾಲಿನವರ ಕಣ್ಣ ಕೆಳಗೆ ಸವರಿದರು. ಒಬ್ಬ ಮುದುಕ ದೀರ್ಘವಾಗಿ ಉಸಿರೆಳೆದು, “ನಾಲ್ಕ್ ದಿನದಿಂದ ಮೂಗ್ ಕಟ್ಟಿದ್ದಿತ್, ಈಗಳ್ ಬಿಟ್ತ್. ಲಾಯ್ಕ್ ಆಯ್ತ್!” ಎಂದು ನಕ್ಕ.

“ಮುಲಾಮಿನಿಂದ ಆಗಲ್ಲ ಸರ್,” ಎಂದ ರವಿರಾಜ್. “ಒಳಗಿಂದ ಬರಬೇಕು. ಜೀವನದಲ್ಲಿ ಅತ್ಯಂತ ದುಃಖದ ಗಳಿಗೆ ನೆನಪು ಮಾಡಿಕೊಳ್ಳಿ ಅಂತ ಹೇಳಿ.”

ಲೀಲಾಧರ ಹೇಳಿದ. ಎಲ್ಲರೂ ಕಣ್ಣು ಮುಚ್ಚಿದರು. ಲೀಲಾಧರನ ಎದೆ ಅರಳಿತು. ಅಷ್ಟರಲ್ಲಿ ಸಾಲಿನ ನಡುವಿನಿಂದ ಪ್ರೇಮಾನಂದ ಗಂಭೀರವಾಗಿ ಹೇಳಿದ: “ನಂಗೆ ನೆನಪಾಯ್ತ್. ನಿನ್ನ ಮೊದಲ್ನೇ ಸಿನಿಮಾ ಕಂಡದ್ದ್.”

ನಗೆಯ ಅಲೆ ಬಂದು ಕ್ಯಾಮೆರಾದ ಕಾಲಿಗೆ ತಾಗಿತು. ಬಾಗಿ ನಗುತ್ತ ಮರಳಿನ ಮೇಲೆ ಕೂತೇ ಬಿಟ್ಟಳು.

ಫೋನ್ ಬಡಿಯಿತು. ಚಂದನಾ.

“ಹ್ವಾಯ್, ತಡಿಯಾಗೆ ಬಂಗ್ಡೆ ಬಿದ್ದಿತ್ ಅಂಬ್ರಲ್ಲೆ? ಮಸಾಲಿ ಅರ್ದಿಟ್ಟಿದ್ದೆ. ನಿಮ್ಗೆ ಎಷ್ಟ್ ಪಾಲ್ ಸಿಕ್ತ್?”

“ನಾನ್ ಹಗ್ಗ ಮುಟ್ಲಿಲ್ಲೆ.”

“ಎಂತಕ್ಕೆ?”

“ನಾನ್ ನಿರ್ಮಾಪಕ ಅಲ್ದಾ.”

ಆ ಕಡೆ ಮಸಾಲೆಯ ಪಾತ್ರೆ ಮುಚ್ಚಿದ ಸದ್ದು ಕೇಳಿತು. ಆಮೇಲೆ, “ಅಣ್ಣ ಗಂಬೂಟ್ ತಂದಿಟ್ಟಿದ್ದ. ನಿಮ್ಮ ಅಳತಿದೇ,” ಎಂದು ಫೋನ್ ಇಟ್ಟಳು.

ಇಡುವುದಕ್ಕೂ ಇನ್ನೊಂದು ಕರೆ ಬರುವುದಕ್ಕೂ ಸರಿಹೋಯಿತು. “ಸರ್, ಮೋಕ್ಷಿತಾ. ಬೈಂದೂರು ದಾಟಿದ್ವಿ. ಅಳು ರೆಡಿನಾ?”

“ಕುದೀತಾ ಇದೆ ಮೇಡಂ,” ಎಂದ ಲೀಲಾಧರ.

ಇನ್ನು ಉಳಿದದ್ದು ಒಂದೇ ಉಪಾಯ, ಅವನಿಗೆ ಹುಟ್ಟಿನಿಂದ ಬಂದದ್ದು. ಸುಳ್ಳು. ಆದರೆ ಎಂಥ ಸುಳ್ಳು? ಯಾರೋ ಸತ್ತರೆಂದರೆ ತಕ್ಷಣ ಫೋನ್ ಮಾಡಿ ವಿಚಾರಿಸುತ್ತಾರೆ. ಚಂಡಮಾರುತ ಎಂದರೆ ಕಡಲನ್ನು ನೋಡಿ ನಗುತ್ತಾರೆ. ಅವನು ಸುತ್ತ ಕಣ್ಣು ಹಾಯಿಸಿದ. ಉದ್ದಕ್ಕೆ ಬಿದ್ದ ಮರಳು, ಈಚೆ ದೊಡ್ಡ ಬಂಡೆಕಲ್ಲು, ಹೆಂಗಸರು ಮೀನು ಒಣಗಿಸುವ ಜಾಗ, ಆಚೆ ಗಾಳಿಮರದ ತೋಪು. ಹೋದ ತಿಂಗಳು ಯಾವುದೋ ಊರಿನ ಒಂದು ರೆಸಾರ್ಟಿನ ಕಾವಲುಗಾರ ಅವನನ್ನು ನಿರ್ಮಾಪಕನೆಂದು ಗೊತ್ತಾಗದೆ ಬೇಲಿಯ ಹೊರಗೆ ನಿಲ್ಲಿಸಿದ್ದು ನೆನಪಾಯಿತು. ಮುಖ ಅರಳಿತು. ಕ್ಯಾಮೆರಾ ಚಾಲೂ ಇಡಲು ರವಿರಾಜನಿಗೆ ಸನ್ನೆ ಮಾಡಿ ಮೈಕು ಹಿಡಿದ. ಕನ್ನಡಕ ತೆಗೆದ, ಧ್ವನಿ ಒಡೆಯಿಸಿದ.

“ಊರ ಬಾಂಧವರೇ. ಹೇಳ್ಬಾರ್ದ್ ಅಂದೇಳಿ ಬೆಳಿಗ್ಗೆಯಿಂದ ತಡ್ಕಂಡಿದ್ದೆ. ಇನ್ನ್ ಆತಿಲ್ಲೆ. ಈ ತಡಿ ಮಾರಿ ಹೋಯ್ತ್. ದೊಡ್ಡ ಕಂಪೆನಿಯವ್ರ್ ರೆಸಾರ್ಟ್ ಕಟ್ತ್ರ್. ಆ ಬಂಡಿಕಲ್ಲಿಂದ ಗಾಳಿಮರದ ತನಕ ಬೇಲಿ, ನೀರಿನ ಅಂಚಿನ ತನಕ ಬೇಲಿ. ಇನ್ನ್ ಇಲ್ಲಿ ದೋಣಿ ಇಳ್ಸೂಕಿಲ್ಲೆ, ಬಲಿ ಎಳೂಕಿಲ್ಲೆ, ಮೀನ್ ಒಣಗ್ಸೂಕಿಲ್ಲೆ. ಇವತ್ತ್ ಎಳ್ದದ್ದೇ ಕಡೇ ಬಲಿ.”

ಮೊದಲು ಯಾರೂ ಅಳಲಿಲ್ಲ. ಪ್ರೇಮಾನಂದ ಸುರುಳಿ ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಡಲಿಕ್ಕೂ ಮರೆತು ಕಡಲಿನ ಕಡೆ ನೋಡಿದ. “ದೋಣಿ ಎಲ್ಲಿಡುದ್?” ಎಂದು ಮೆಲ್ಲಗೆ ಕೇಳಿದ, ಯಾರನ್ನೆಂದು ಗೊತ್ತಿಲ್ಲ.

ಬಾಗಿಯ ಬಾಯಿಂದ ಒಂದು ಸ್ವರ ಹೊರಟಿತು. ಅದು ಅಳುವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. “ನಾನ್ ಮದಿಯಾಯ್ ಬಂದದ್ದ್ ಈ ತಡಿಗೆ. ಗಂಡನ್ನ ಸುಟ್ಟದ್ದ್ ಈ ತಡಿಯಾಗೆ. ಬುಟ್ಟಿ ಹಿಡ್ಕಂಡ್ ಎಲ್ಲಿಗ್ ಹೋಪುದ್ ಮಗಾ ನಾನ್?”

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಹೆಂಗಸರು ಖಾಲಿ ಬಲೆಯ ಮೇಲೆಯೇ ಕುಸಿದು ಅತ್ತರು. ಗಂಡಸರು ಮುಖ ತಿರುಗಿಸಿ ಅತ್ತರು. ಮುಲಾಮಿನ ಮುದುಕ ಬಿಕ್ಕಿ ಬಿಕ್ಕಿ ಅತ್ತ. ರವಿರಾಜ್ ಪರದೆಯ ಹಿಂದೆ ನಿಂತು ಅತ್ತ, ಆದರೆ ಅದು ದುಃಖಕ್ಕಲ್ಲ, ಫ್ರೇಮಿಗೆ. ಲೀಲಾಧರ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಸಾಲುಸಾಲು ಕಣ್ಣೀರನ್ನು, ಹಿತ್ತಲ ಬಸಳೆ ನೋಡುವ ಹೆಮ್ಮೆಯಿಂದ ನೋಡಿದ. ಅವನ ಮಟ್ಟಿಗೆ ಇದು ಇಡೀ ಬದುಕಿನ ಅತ್ಯುತ್ತಮ ನಿರ್ಮಾಣ. ಒಂದು ಪೈಸೆ ಖರ್ಚಿಲ್ಲ.

ತೋಪಿನ ಬಳಿ ಎರಡು ಕಾರು ಬಂದು ನಿಂತಿದ್ದವು. ಮೊದಲನೆಯದರಿಂದ ಇಳಿದ ಮೋಕ್ಷಿತಾ, ಹಣೆಯಲ್ಲಿ ಕೊಲ್ಲೂರಿನ ಕುಂಕುಮ, ಬಾಗಿಲಿಗೆ ಕೈ ಊರಿ ನಿಂತೇ ಇದ್ದಳು. ಧ್ವನಿವರ್ಧಕದಲ್ಲಿ ಲೀಲಾಧರ ಹೇಳಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಅವಳ ಮುಖ ಬಿಳುಚಿತ್ತು. ಲೀಲಾಧರ ಅದನ್ನು ನೋಡಿ ಓಡಿ ಬಂದ.

“ಹೇಗಿದೆ ಮೇಡಂ? ನಿಮ್ಮ ಕರುಳೂ ಕಿತ್ತು ಬಂತಲ್ಲ?”

ಅವಳು ಅವನ ತೋಳು ಹಿಡಿದು ಕಾರಿನ ಮರೆಗೆ ಎಳೆದಳು. “ಯಾರು ಹೇಳಿದ್ದು ನಿಮಗೆ?”

“ಏನು ಮೇಡಂ?”

“ನಾಟಕ ಬೇಡ. ರೆಸಾರ್ಟ್ ವಿಷಯ. ನಮ್ಮ ಚೇರ್ಮನ್, ಅವರ ಲಾಯರು, ನಾನು, ಇಷ್ಟೇ ಜನಕ್ಕೆ ಗೊತ್ತಿದ್ದಿದ್ದು. ನಾನು ಕೊಲ್ಲೂರು ನೆಪ ಮಾಡ್ಕೊಂಡು ಜಾಗ ಅಳತೆಗೆ ಅಂತ್ಲೇ ಬಂದಿರೋದು. ಬಂಡೆಕಲ್ಲಿಂದ ತೋಪಿನ ತನಕ ಅನ್ನೋದು ಕೂಡ ಕರೆಕ್ಟಾಗಿ ಹೇಳ್ತೀರಲ್ಲ!”

ಲೀಲಾಧರನ ಬಾಯಿ ಬಂಗುಡೆಯ ಬಾಯಿಯಂತೆ ತೆರೆದು ಮುಚ್ಚಿತು. “ನಾನು... ಅದು ಕಲ್ಪನೆ ಮೇಡಂ. ಅಳಿಸೋದಕ್ಕೆ ಹೇಳಿದ್ದು.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಈ ಮುಖದಲ್ಲಿ ಗುಟ್ಟು ಕದಿಯುವಷ್ಟು ಬುದ್ಧಿ ಇರಲಾರದೆಂದು ಅವಳಿಗೆ ಬೇಗ ಖಾತ್ರಿಯಾಯಿತು. ಉಸಿರು ಬಿಟ್ಟಳು. “ಹಾಗಿದ್ರೆ ಈಗ್ಲೇ ಹೋಗಿ ಸುಳ್ಳು ಅಂತ ಹೇಳಿ. ಈ ಜನ ರೋಡಲ್ಲಿ ಧರಣಿ ಕೂತ್ರೆ ಪ್ರಾಜೆಕ್ಟ್ ಹತ್ತು ವರ್ಷ ಹಿಂದಕ್ಕೆ ಹೋಗತ್ತೆ.”

ಲೀಲಾಧರ ತಡಿಯ ಕಡೆ ನೋಡಿದ. ಬಾಗಿ ಇನ್ನೂ ಅಳುತ್ತಿದ್ದಳು. ಅವನ ಎದೆಯಲ್ಲಿ ಏನೋ ಚುಚ್ಚಿತು. ಅದು ಏನೆಂದು ಅವನು ಹುಡುಕಲು ಹೋಗಲಿಲ್ಲ, ಕೇಳಬೇಕಾದ್ದನ್ನು ಕೇಳಿದ.

“ಹೇಳಿದ್ರೆ ಸೀರಿಯಲ್ ಆಗ್ತದಾ ಮೇಡಂ?”

“ನೋಡೋಣ ಸರ್.”

ಟಿವಿಯವರ ಬಾಯಲ್ಲಿ ‘ನೋಡೋಣ’ ಎಂದರೆ ಏನೆಂದು ಅಂಧೇರಿಯ ಕ್ಯಾಂಟೀನಿನ ಬೆಕ್ಕಿಗೂ ಗೊತ್ತಿತ್ತು. ಲೀಲಾಧರನಿಗೆ ಗೊತ್ತಿರಲಿಲ್ಲ. ಓಡಿ ಹೋಗಿ ಮೈಕು ಎತ್ತಿಕೊಂಡ.

“ಕಟ್! ಕಟ್! ಎಲ್ಲ ಸುಳ್ಳ್! ರೆಸಾರ್ಟೂ ಇಲ್ಲೆ, ಬೇಲಿಯೂ ಇಲ್ಲೆ. ನಿಮ್ಮನ್ನ ಅಳ್ಸೂಕೆ ಹೇಳಿದ್ದ್!”

ಬಾಗಿ ಕಣ್ಣೊರೆಸಿಕೊಂಡು ಎದ್ದು ಅವನ ಹತ್ತಿರ ಬಂದಳು. “ಅಬ್ಬಿ ಆಣಿ ಇಟ್ಟ್ ಹೇಳ್. ಸುಳ್ಳಾ?”

“ಅಬ್ಬಿ ಆಣಿ. ಸುಳ್ಳ್.”

ಬಾಗಿ ತನ್ನ ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಬಂಗುಡೆ ತೆಗೆದು ಅವನ ಕೆನ್ನೆಗೆ ಪಟೀರನೆ ಬಾರಿಸಿದಳು. ಆಮೇಲೆ ತಬ್ಬಿಕೊಂಡಳು. ಬಿಳಿ ಅಂಗಿಯ ಮೇಲೆ ಮೀನಿನ ಸಿಪ್ಪೆ ಮಿನುಗಿತು. ಎಲ್ಲರೂ ನಗುತ್ತಿದ್ದರು, ಅತ್ತ ಕಣ್ಣುಗಳಿಂದಲೇ ನಗುತ್ತಿದ್ದರು. “ಹಾಳಾದವ್ನೆ, ಎದಿ ಒಡ್ದ್ ಹೋತಿತ್ತಲ್ಲೋ!” “ಲೀಲಾಧರಣ್ಣನ ತಲಿ ಅಂದ್ರೆ ತಲಿ ಮಾರಾಯ್ರೆ!” ಎಂದು ಬೆನ್ನು ತಟ್ಟಿದರು. ಊರವರು ಅವನನ್ನು ಮೊದಲ ಸಲ ಹೊಗಳಿದ್ದು ಅದು.

ಅವನು ವಿಜಯದ ನಗೆ ಹೊತ್ತು ಕಾರಿನ ಬಳಿ ಮರಳಿದ. ಮೋಕ್ಷಿತಾ ಒಳಗೆ ಕೂತು ಗಾಜು ಇಳಿಸಿದಳು.

“ಥ್ಯಾಂಕ್ಯೂ ಸರ್. ಚೆನ್ನಾಗಿ ಹೇಳಿದ್ರಿ. ಸೀರಿಯಲ್ ಮಾತ್ರ ಆಗಲ್ಲ. ನಾಳೆ ನಮ್ಮ ರೆಸಾರ್ಟೇ ಬರೋ ಜಾಗದಲ್ಲಿ ಮ್ಯಾಪ್ ಸಮೇತ ಜನ ಅಳೋದನ್ನ ನಮ್ಮ ಚಾನೆಲ್ಲೇ ತೋರ್ಸಕ್ಕಾಗತ್ತಾ? ನೀವೇ ಹೇಳಿ.”

“ಮೇಡಂ, ಬೇರೆ ಕತೆ ಇದೆ! ನಗೋ ಕತೆ—”

ಗಾಜು ಮೇಲೇರಿತು. ಮೊದಲನೆಯ ಕಾರು ಹೆದ್ದಾರಿಯ ಕಡೆ ಹೋಯಿತು. ಎರಡನೆಯದು ಅಲ್ಲೇ ಉಳಿಯಿತು.

ಲೀಲಾಧರ ತೋಪಿನ ನೆರಳಿನಲ್ಲಿ ನಿಂತ. ಕಣ್ಣ ಮುಂದೆ ಗಂಬೂಟು ಬಂತು. ಸಿಟ್ಟು ಬಂತು. ತನಗೆ ಮೋಸ ಮಾಡಿದರು. ಅವಳಿಗೆ ಬುದ್ಧಿ ಕಲಿಸಬೇಕು. ಸೀರಿಯಲ್ಲು ತನಗಿಲ್ಲದಿದ್ದರೆ ರೆಸಾರ್ಟು ಅವರಿಗೂ ಬೇಡ. ಊರಿನ ಪ್ರೀತಿ ಎಂಬುದು ಹೀಗೆ, ಇತರ ದಾರಿಗಳೆಲ್ಲ ಮುಚ್ಚಿದ ಮೇಲೆ, ಅವನ ಎದೆಯಲ್ಲಿ ಉಕ್ಕಿತು. ಮರಳಿನಲ್ಲಿ ಎಡವುತ್ತ ಓಡಿ ಬಂದ.

“ಹ್ವಾಯ್, ಕೇಣಿ! ಎಲ್ಲ ನಿಜ! ಬೇಲಿ ನಿಜವಾಗ್ಲೂ ಬತ್ತ್! ಆ ಚಾನೆಲ್ಲಿನವ್ರದ್ದೇ ರೆಸಾರ್ಟ್!”

ವ್ಯಾನಿನಿಂದ ಚೀಲ ಇಳಿಸಿ ಹಂಚಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಪ್ರೇಮಾನಂದ ಹೊಟ್ಟೆ ಹಿಡಿದುಕೊಂಡ. “ಬಂದ ಕಾಣಿ ಮತ್ತೆ! ಎಷ್ಟ್ ಸಲ ಅಳ್ಸುದಾ ಮಾರಾಯಾ? ಇನ್ನ್ ಕಣ್ಣೀರ್ ಇಲ್ಲೆ, ಖಾಲಿ.”

“ಅಬ್ಬಿ ಆಣಿ!”

“ಆಗ್ಳೂ ಅದೇ ಆಣಿ ಹಾಕಿದ್ದೆ ನೀನ್,” ಎಂದಳು ಬಾಗಿ. “ಸತ್ತ ಆ ಹೆಂಗ್ಸನ್ನ ಎಷ್ಟ್ ಸಲ ಎಬ್ಸ್ತೆ?”

ಲೀಲಾಧರನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ, ಎರಡೂ ಕೈ ಜೋಡಿಸಿ, ಗೋಗರೆದ. ಮುಖ ಸೊಟ್ಟಗಾಗಿ ಮೂಗು ಸುರಿಯಿತು. ರವಿರಾಜ್ ಕ್ಯಾಮೆರಾ ಹೊತ್ತುಕೊಂಡು ಓಡಿ ಬಂದ. “ಸರ್, ಅದ್ಭುತ! ನಿಮ್ಮೊಳಗೆ ಇಂಥ ನಟ ಇದ್ದಾನೆ ಅಂತ ಗೊತ್ತೇ ಇರಲಿಲ್ಲ! ಹಾಗೇ ಅಳ್ತಾ ಇರಿ, ಸ್ವಲ್ಪ ಈ ಕಡೆ ತಿರುಗಿ.” ಊರವರು ಶಿಳ್ಳೆ ಹಾಕಿದರು.

ಅಷ್ಟರಲ್ಲಿ ಎರಡನೆಯ ಕಾರಿನಿಂದ ಟೊಪ್ಪಿ ಹಾಕಿದ ಇಬ್ಬರು ಇಳಿದು ಬಂದರು. ಒಬ್ಬನ ಕೈಯಲ್ಲಿ ಉದ್ದದ ಟೇಪು, ಇನ್ನೊಬ್ಬನ ಹೆಗಲ ಮೇಲೆ ತಲೆಗೆ ಕೆಂಪು ಬಣ್ಣ ಬಳಿದ ಗೂಟಗಳ ಕಟ್ಟು. ಪ್ರೇಮಾನಂದ ಅವರನ್ನು ನೋಡಿ ಸಂಭ್ರಮದಿಂದ ಕೂಗಿದ: “ಹ್ವಾಯ್, ನೀವೂ ಶೂಟಿಂಗಿನವ್ರಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಹ್ಞಾಂ, ಹೌದು,” ಎಂದ ಟೇಪಿನವನು.

“ಕಂಡ್ರ್ಯಾ, ಬೇಲಿಯವ್ರ್ ಬಂದ್ರ್!” ಪ್ರೇಮಾನಂದ ಎಲ್ಲರಿಗೂ ಕೇಳುವಂತೆ ಹೇಳಿದ. “ಎಲ್ಲ ಮೊದ್ಲೇ ಸೆಟ್ ಮಾಡಿದ್ದಾ ಲೀಲಾಧರ! ಕೊಡಿ ಇಲ್ಲಿ, ಟೇಪ್ ನಾನ್ ಹಿಡ್ಕಂತೆ.”

“ಹಿಡೀಬೇಡಿ!” ಎಂದು ಲೀಲಾಧರ ಕಿರುಚಿದ.

“ಡೈಲಾಗ್ ಸೂಪರ್!” ಎಂದ ರವಿರಾಜ್.

ಬಾಗಿ ತನ್ನ ಬುಟ್ಟಿ ಎತ್ತಿ ಆಚೆ ಇಟ್ಟು ಜಾಗ ಮಾಡಿಕೊಟ್ಟಳು. ಹೆಂಗಸರು ಮೀನು ಒಣಹಾಕಿದ್ದ ತಟ್ಟಿಗಳನ್ನು ಸರಿಸಿದರು. ನಾಲ್ಕು ಜನ ಗಂಡಸರು ಗೂಟಗಳನ್ನು ಹೊತ್ತು ಬಂಡೆಕಲ್ಲಿನ ಕಡೆ ಓಡಿದರು. ಅಡ್ಡಬಿದ್ದು ಅಳುತ್ತಿದ್ದ ಲೀಲಾಧರನನ್ನು ಇಬ್ಬರು ರಟ್ಟೆ ಹಿಡಿದು, “ಸಾಕ್ ಮಾರಾಯಾ, ಓವರ್ ಆತ್ತ್,” ಎಂದು ಬದಿಗೆ ಕೂರಿಸಿದರು.

ದೋಣಿ ನಿಲ್ಲಿಸುವ ಜಾಗದಲ್ಲಿ ಪ್ರೇಮಾನಂದ ಕಲ್ಲೆತ್ತಿ ಮೊದಲ ಗೂಟ ಹೊಡೆದ. ಒದ್ದೆ ಮರಳಿನಲ್ಲಿ ಅದು ಸಲೀಸಾಗಿ ಇಳಿಯಿತು. ಊರವರು ಚಪ್ಪಾಳೆ ತಟ್ಟಿದರು. ಟೇಪಿನವನು ಒಂದು ಕಣ್ಣು ಮುಚ್ಚಿ ನೋಡಿ, ಸ್ವಲ್ಪ ಸೊಟ್ಟಗಾಯಿತು ಎಂದ.

“ಅಡ್ಡಿಲ್ಲೆ,” ಎಂದ ಪ್ರೇಮಾನಂದ ಗೂಟ ಕಿತ್ತು, ಕೈಯ ಮರಳು ಕೊಡವಿಕೊಂಡು. “ಇನ್ನೊಂದ್ ಟೇಕ್ ಮಾಡುವ.”